ಬೈರಯ್ಯನವರ ಗಾಡಿ ಸ್ಟಾರ್ಟ್ ಆಗದ ತಿಂಗಳು

ಆ ಮನೆಯಲ್ಲಿ ಮಗನಿಗಿಂತ ಗಾಡಿಗೇ ಮರ್ಯಾದೆ ಹೆಚ್ಚು. ಮಗ ಮೂರ್ತಿಯೇ ಈ ಮಾತನ್ನು ನಗುವಾಗಲೂ ಹೇಳುತ್ತಿದ್ದ, ಸಿಟ್ಟು ಬಂದಾಗಲೂ ಹೇಳುತ್ತಿದ್ದ. ಹನುಮಂತನಗರದ ಏರು ರಸ್ತೆಯಲ್ಲಿರುವ ಆ ಮನೆಯ ಗೇಟು ತೆಗೆದರೆ ಮೊದಲು ಎದುರಾಗುವುದು ಗಾಡಿ. ಬಂದವರು ಅದನ್ನು ಬಳಸಿಕೊಂಡು, ಮೊಣಕಾಲಿಗೆ ಒಂದು ಸಲವಾದರೂ ಕಿಕ್ಕರ್ ತಗುಲಿಸಿಕೊಂಡೇ ಒಳಗೆ ಹೋಗಬೇಕು. ಬೈರಯ್ಯನವರು ಜಲಮಂಡಳಿಯಲ್ಲಿ ವಾಲ್ವ್‌ಮನ್ ಆಗಿದ್ದಾಗ ಕಂತಿನಲ್ಲಿ ಕೊಂಡ ನೂರು ಸಿಸಿ ಗಾಡಿ ಅದು. ಅವರು ರಿಟೈರ್ ಆದರು, ಮೊಣಕಾಲು ಸವೆಯಿತು, ಗಾಡಿ ಸವೆಯಲಿಲ್ಲ. ಮೂರ್ತಿ ಕಾಲೇಜಿನಲ್ಲಿದ್ದಾಗ ಒಮ್ಮೆ ಅದನ್ನು ಗಾಂಧಿ ಬಜಾರಿನಲ್ಲಿ ಹೂವಿನವಳ ಬುಟ್ಟಿಯ ಮೇಲೆ ಹತ್ತಿಸಿದ್ದ. ಆವತ್ತಿನಿಂದ ಕೀ ಅವನ ಕೈಗೆ ಬಂದಿಲ್ಲ. ಈಗ ಅವನೂ ನಲವತ್ತೈದು ದಾಟಿದ್ದಾನೆ, ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ದಿನಾ ಬಸ್ಸಿನಲ್ಲಿ ಜೋತು ಬೀಳುತ್ತಾನೆ.

ಅಂಥ ಗಾಡಿಯ ಕೀಯನ್ನು ಬೈರಯ್ಯನವರು ಮೊಮ್ಮಗಳು ವಿಶಾಖಾಳ ಕೈಗೆ ಕೊಟ್ಟುಬಿಟ್ಟರು.

ವಿಶಾಖಾಳಿಗೆ ಮಲ್ಲೇಶ್ವರಂ ಕಡೆ ಮೆಟ್ರೋ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನ ಕೆಲಸ ಸಿಕ್ಕಿತ್ತು. ಗುತ್ತಿಗೆಯ ಕೆಲಸ, ಆರು ತಿಂಗಳು ಸರಿಯಾಗಿ ಮಾಡಿದರೆ ಮುಂದುವರಿಸುತ್ತೇವೆ ಅಂದಿದ್ದರು. ಹೊಸಬರಿಗೆ ಮೊದಲ ಪಾಳಿ. ಜನ ಬರುವ ಮುಂಚೆ ನಿಲ್ದಾಣದವರು ಬಂದಿರಬೇಕು, ಅವರು ಬರುವ ಹೊತ್ತಿಗೆ ರೈಲೂ ಇಲ್ಲ, ಬಸ್ಸೂ ಇಲ್ಲ.

"ಊರಿಗೆಲ್ಲ ಟಿಕೆಟ್ ಕೊಡೋಳು ನೀನು, ನಿಂಗೆ ಹೋಗೋಕೆ ರೈಲಿಲ್ಲ. ಚೆನ್ನಾಗಿದೆ ಕೆಲಸ," ಎಂದ ಮೂರ್ತಿ.

"ರೈಲು ಬಿಡೋಕೆ ಮುಂಚೆ ಕೌಂಟರ್ ತೆಗೀಬೇಕಲ್ಲಪ್ಪ," ಎಂದಳು ವಿಶಾಖಾ.

"ಆಟೋದವರು ಆ ಹೊತ್ತಲ್ಲಿ ಬಾಯಿಗೆ ಬಂದಷ್ಟು ಕೇಳ್ತಾರೆ. ದುಡಿದಿದ್ದೆಲ್ಲ ಅವರಿಗೇ ಕೊಟ್ಟು ಬರ್ತೀಯ?"

ಬೈರಯ್ಯನವರು ಗೋಡೆಯ ಮೊಳೆಯಿಂದ ಕೀ ತೆಗೆದು ಟೀಪಾಯಿ ಮೇಲಿಟ್ಟರು. "ಗಾಡಿ ತಗೊಂಡು ಹೋಗ್ಲಿ. ಗೇರ್ ಹಾಕೋದು ನಾನು ಹೇಳಿಕೊಟ್ಟಿದೀನಿ."

ಮೂರ್ತಿ ಕೀಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದ. ಅವನ ಹೆಂಡತಿ ಶಿವಕುಮಾರಿ ಗಂಡನ ಮುಖ ನೋಡಿ ನಗು ತಡೆಯಲಾರದೆ ಅಡುಗೆಮನೆಗೆ ಹೋದಳು.

ಮೊದಲ ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಅಜ್ಜಿ ಅಂಜಮ್ಮ ಎಲ್ಲರಿಗಿಂತ ಮುಂಚೆ ಎದ್ದು ಕಾಫಿ ಕಾಯಿಸುತ್ತಿದ್ದರು. ವಿಶಾಖಾ ನಿಂತುಕೊಂಡೇ ಕುಡಿದು, ಸ್ವೆಟರಿನ ಮೇಲೆ ಜರ್ಕಿನ್ ಹಾಕಿ, ಒಂದೇ ಕಿಕ್ಕಿಗೆ ಹೊರಡುತ್ತಿದ್ದಳು. ಮಧ್ಯಾಹ್ನ ಮನೆಗೆ ಬಂದು ಉಂಡು ಮಲಗುತ್ತಿದ್ದಳು. ಮೊದಲ ಸಂಬಳದಲ್ಲಿ ಅಜ್ಜಿಗೆ ಉಣ್ಣೆಯ ಶಾಲು ತಂದಳು, ತಾತನಿಗೆ ಹೊಸ ಹೆಲ್ಮೆಟ್. ಅಪ್ಪನಿಗೆ ಏನೂ ತರದಿದ್ದದ್ದು ಮರೆತಿದ್ದರಿಂದಲ್ಲ, ಏನು ತಂದರೆ ಬೈಯುವುದಿಲ್ಲ ಎಂದು ತಿಳಿಯದೆ.

ಮಾತು ಕೆಟ್ಟದ್ದು ಅವರೆಕಾಯಿ ಸುಲಿಯುವಾಗ. ಅವರೆಯ ಕಾಲ ಬಂತೆಂದರೆ ಆ ಮನೆಯಲ್ಲಿ ಸಂಜೆ ಎಲ್ಲರೂ ಚಾಪೆಯ ಸುತ್ತ ಕೂರಬೇಕು. ಸೊಗಡಿನ ಕಾಯಿ ಸುಲಿದು, ನೆನೆಹಾಕಿ, ಒಂದೊಂದೇ ಕಾಳು ಹಿಸುಕಿ ಸಿಪ್ಪೆ ತೆಗೆಯುವ ಕೆಲಸ. ಕೈಗೆ ಕೆಲಸ, ಬಾಯಿಗೆ ಬಿಡುವು. ಅದಕ್ಕೇ ಆ ಹೊತ್ತಿಗೆ ಜಗಳಗಳೂ ಹುಟ್ಟುತ್ತವೆ. ವಿಶಾಖಾ ಬೆಳಗಿನ ಕಥೆಯೊಂದನ್ನು ನಗುನಗುತ್ತಾ ಹೇಳಿದಳು. ಚಾಮರಾಜಪೇಟೆಯ ಹತ್ತಿರ ನಾಲ್ಕು ಬೀದಿನಾಯಿ ಅಟ್ಟಿಸಿಕೊಂಡು ಬಂದವಂತೆ, ಇವಳು ಕಾಲೆರಡೂ ಟ್ಯಾಂಕಿನ ಮೇಲಿಟ್ಟು ಗಾಡಿ ಓಡಿಸಿದಳಂತೆ.

ಮೂರ್ತಿ ಕೈಯಲ್ಲಿದ್ದ ಕಾಳನ್ನು ಕೆಳಗಿಟ್ಟ. "ಇವತ್ತು ನಾಯಿ. ನಾಳೆ?"

"ನಾಳೆ ನಾಯಿಗಳಿಗೆ ಬಿಸ್ಕತ್ ತಗೊಂಡು ಹೋಗ್ತೀನಿ."

"ತಮಾಷೆ ಮಾಡ್ಬೇಡ. ಆ ಹೊತ್ತಲ್ಲಿ ರಸ್ತೇಲಿ ಯಾರಿರ್ತಾರೆ ಅಂತ ನಂಗೊತ್ತು. ಗಾಡಿ ಎಲ್ಲೋ ನಿಂತುಹೋದ್ರೆ ಏನ್ ಮಾಡ್ತೀಯ? ಬಿಟ್ಬಿಡು ಆ ಕೆಲಸ. ಬೇರೆ ಸಿಗುತ್ತೆ."

"ಎಲ್ಲಿ ಸಿಗುತ್ತಪ್ಪ? ಎರಡು ವರ್ಷ ಹುಡುಕಿದ್ದೀನಿ."

"ನನ್ನ ಗಾಡಿ ಎಲ್ಲೂ ನಿಲ್ಲಲ್ಲ," ಎಂದರು ಬೈರಯ್ಯನವರು.

"ಸರಿ. ನಿಲ್ಲೋವರೆಗೂ ಹೋಗ್ಲಿ. ನಿಂತ ದಿನ ಕೆಲಸಾನೂ ನಿಂತ್ಹಾಗೆ," ಎಂದ ಮೂರ್ತಿ. ಅಪ್ಪನ ಗಾಡಿಯ ಮೇಲಿನ ಸಿಟ್ಟೂ ಮಗಳ ಬಗೆಗಿನ ಭಯವೂ ಒಂದೇ ಮಾತಿನಲ್ಲಿ ಹೊರಬಂದಿದ್ದವು. ಅವನಿಗೆ ಎರಡೂ ಇದ್ದದ್ದು ನಿಜ.

ವಿಶಾಖಾ ಕಣ್ಣು ತುಂಬಿಕೊಂಡು ಎದ್ದು ಹೋದಳು. ಅಂಜಮ್ಮ ಅವಳ ಪಾಲಿನ ಕಾಳನ್ನೂ ತಮ್ಮ ಮೊರಕ್ಕೆ ಎಳೆದುಕೊಂಡು ಹಿಸುಕಿದರು. ಮಾರನೆಯ ದಿನ ರಾಗಿ ತರುತ್ತೇನೆಂದು ತರಗುಪೇಟೆಗೆ ಹೋದವರು ತುಂಬ ತಡವಾಗಿ ಬಂದರು. ಮಧ್ಯಾಹ್ನದ ಊಟಕ್ಕೆ ಶಿವಕುಮಾರಿಯೇ ಮುದ್ದೆ ಕಟ್ಟಬೇಕಾಯಿತು. ಅತ್ತೆ ಕಟ್ಟಿದಷ್ಟು ನುಣ್ಣಗೆ ಬರಲಿಲ್ಲ ಎಂದು ಮಾವನಿಂದ ಹೇಳಿಸಿಕೊಂಡಳು.

ಆ ವಾರವೇ ಗಾಡಿ ಮೊಂಡು ಹಿಡಿಯಿತು.

ಮೊದಲ ದಿನ ಐದಾರು ಕಿಕ್ಕಿಗೆ ಎದ್ದಿತು. ಎರಡನೆಯ ದಿನ ಕಿಕ್ ಹೊಡೆದು ಹೊಡೆದು ವಿಶಾಖಾಳ ಕಾಲು ನಡುಗಿತು. ಎದುರು ಮನೆಯ ಕಮಲಮ್ಮ ಕಿಟಕಿ ತೆಗೆದು, "ಯಾರಪ್ಪ ಅದು ಈ ಹೊತ್ತಲ್ಲಿ?" ಎಂದು ಕೇಳಿ, ಯಾರೆಂದು ಗೊತ್ತಿದ್ದೂ ಕಿಟಕಿ ತೆಗೆದೇ ಇಟ್ಟುಕೊಂಡರು. ಬೈರಯ್ಯನವರು ಮಫ್ಲರ್ ಸುತ್ತಿಕೊಂಡು ಹೊರಗೆ ಬಂದರು.

"ಚೋಕ್ ಎಳ್ದಿದೀಯಾ?"

"ಹ್ಞೂಂ ತಾತ. ಚಳಿ ಇದೆಯಲ್ಲ."

"ಎಳೀಬೇಡ. ಪೆಟ್ರೋಲ್ ಜಾಸ್ತಿ ಹೋಗಿ ಕುಡಿದವನ ಥರ ಮಲಗುತ್ತೆ. ಸರಿ ಪಕ್ಕಕ್ಕೆ."

ಪ್ಲಗ್ ಬಿಚ್ಚಿ ನೋಡಿದರೆ ಒಲೆಯಿಂದ ತೆಗೆದ ಕೊಳ್ಳಿಯ ಹಾಗೆ ಕರ್ರಗಿತ್ತು. ಉಜ್ಜುಕಾಗದದಲ್ಲಿ ಉಜ್ಜಿ, ಊದಿ, ಹಾಕಿದರು. ಗಾಡಿ ಎದ್ದಿತು. ಎರಡು ದಿನ ಓಡಿ ಮತ್ತೆ ಅದೇ ಹಾಡು. ಈ ಸಲ ಹೊಸ ಪ್ಲಗ್ ಹಾಕಿದರು; ಅದೂ ನಾಲ್ಕೇ ದಿನದಲ್ಲಿ ಕಪ್ಪಾಯಿತು. ಎಕ್ಸಲರೇಟರ್ ಕೊಟ್ಟರೆ ಹಿಂದಿನಿಂದ ಕರಿ ಹೊಗೆ. ಪೆಟ್ರೋಲು ನೀರಿನ ಹಾಗೆ ಖರ್ಚಾಗುತ್ತಿತ್ತು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಬೈರಯ್ಯನವರ ಪ್ರಕಾರ ತಪ್ಪು ವಿಶಾಖಾಳದು, ಚೋಕ್ ಎಳೆದು ಎಳೆದು ಗಾಡಿಯ ಹೊಟ್ಟೆ ಕೆಡಿಸಿದ್ದಾಳೆ. ವಿಶಾಖಾಳ ಪ್ರಕಾರ ಬಂಕಿನ ಪೆಟ್ರೋಲು ಸರಿಯಿಲ್ಲ. ಶಿವಕುಮಾರಿ, ಕಮಲಮ್ಮನ ಕಣ್ಣು ಬಿದ್ದಿದೆ ಎಂದಳು, ಮಾವ ಗುರಾಯಿಸಿದ್ದಕ್ಕೆ ಸುಮ್ಮನಾದಳು. ಆ ಮನೆಯಲ್ಲಿ ಕಣ್ಣು, ದೃಷ್ಟಿ, ದೇವರು, ಹರಕೆ ಯಾವುದನ್ನೂ ಎತ್ತುವ ಹಾಗಿರಲಿಲ್ಲ. ಮೂರ್ತಿ ಚಿಕ್ಕವನಿದ್ದಾಗಲೇ ಬೈರಯ್ಯನವರು ದೇವರ ಪಟಗಳನ್ನೆಲ್ಲ ಇಳಿಸಿ, ಬುದ್ಧನನ್ನೂ ಬಾಬಾಸಾಹೇಬರನ್ನೂ ಇಟ್ಟಿದ್ದರು. "ನಮ್ಮನ್ನ ಗುಡಿ ಒಳಗೆ ಬಿಡದೋರ ಹತ್ರ ನಾವು ಯಾಕ್ ಹೋಗಿ ಕೈ ಮುಗೀಬೇಕು?" ಎನ್ನುತ್ತಿದ್ದರು.

ಮೂರ್ತಿಯ ಕಾರಣ ಎಲ್ಲಕ್ಕಿಂತ ಸರಳ. "ಮುದಿ ಗಾಡಿ. ಗುಜರಿಗೆ ಹಾಕಿ."

"ನಿನ್ನ ಕೈಗೆ ಕೊಟ್ಟಿದ್ರೆ ಹೂವಿನಂಗಡಿಗೇ ಹಾಕಿರ್ತಿದ್ದೆ," ಎಂದರು ಬೈರಯ್ಯನವರು.

"ಅಪ್ಪಾ, ಇಪ್ಪತ್ತೈದು ವರ್ಷ ಆಯ್ತು. ಆ ಹೂವಿನವಳೂ ಮರೆತಿರ್ತಾಳೆ."

"ಅವಳು ಮರೀಬಹುದು. ಫೋರ್ಕ್ ಬೆಂಡಾಗಿದ್ದು ನನ್ನ ಗಾಡೀದು."

ಕೊನೆಗೆ ಗಾಡಿಯನ್ನು ಅಂಜನಪ್ಪನ ಗ್ಯಾರೇಜಿಗೆ ಕೊಡುವುದೆಂದಾಯಿತು. ಹೊರಡುವ ಮುಂಚೆ ಅಂಜಮ್ಮ ಬಟ್ಟೆ ಹಿಡಿದು ಬಂದರು. "ಧೂಳು ಕೂತಿದೆ, ಒರೆಸಿಕೊಡ್ತೀನಿ, ಕೀ ಕೊಡಿ," ಎಂದರು. "ರಿಪೇರಿಗೆ ಹೋಗೋ ಗಾಡಿಗೆ ಶೃಂಗಾರ ಬೇರೆ," ಎಂದು ಬೈರಯ್ಯನವರು ಗೊಣಗಿ ಕೀ ಕೊಟ್ಟು ಚಪ್ಪಲಿ ಹುಡುಕಲು ಹೋದರು.

ಅಂಜನಪ್ಪ ಕಾರ್ಬೊರೇಟರ್ ಬಿಚ್ಚಿ ತೊಳೆದ. ಪಕ್ಕದ ಮುಚ್ಚಳ ತೆಗೆದು ಏರ್ ಫಿಲ್ಟರಿನ ಸ್ಪಂಜನ್ನು ಪೆಟ್ರೋಲಿನಲ್ಲಿ ಅದ್ದಿ ಹಿಂಡಿ ಒಣಗಿಸಿ ಹಾಕಿದ. ಅವನ ಅಂಗಡಿಯ ಮುಂದೆ ಗಾಡಿ ಮುಟ್ಟಿದರೆ ಸ್ಟಾರ್ಟ್ ಆಗುತ್ತಿತ್ತು.

"ಏನೂ ಇಲ್ಲ ಯಜಮಾನ್ರೆ, ಇನ್ನೂ ಹತ್ತು ವರ್ಷ ಓಡಿಸಿ," ಎಂದ.

ಒಂದು ದಿನ ಓಡಿತು. ಎರಡು ದಿನ ಓಡಿತು. ಮೂರನೆಯ ದಿನದಿಂದ ಮತ್ತೆ ಕರಿ ಹೊಗೆ, ಮತ್ತೆ ಕಿಕ್. ಬೈರಯ್ಯನವರು ಗ್ಯಾರೇಜಿಗೆ ಹೋಗಿ, ಕೆಲಸ ಮಾಡದೆ ದುಡ್ಡು ತಗೊಂಡೆ ಎಂದು ಅಂಜನಪ್ಪನನ್ನು ನಾಲ್ಕು ಜನರೆದುರು ಬೈದರು. "ನನ್ನ ಹತ್ರ ಇದ್ದಾಗ ಓಡುತ್ತೆ, ನಿಮ್ಮನೇಲಿ ಓಡಲ್ಲ ಅಂದ್ರೆ ನಿಮ್ಮನೇನೇ ರಿಪೇರಿ ಮಾಡಿಸ್ಬೇಕು," ಎಂದ ಅವನು. ತಮಾಷೆಗೆ ಅಂದದ್ದು. ಬೈರಯ್ಯನವರಿಗೆ ತಮಾಷೆ ಹಿಡಿಸಲಿಲ್ಲ, ಅವನ ಅಂಗಡಿಗೆ ಮತ್ತೆ ಕಾಲಿಡಲಿಲ್ಲ.

ವಿಶಾಖಾ ಎರಡು ಸಲ ತಡವಾಗಿ ಹೋದಳು. ಸೂಪರ್‌ವೈಸರ್ ಹೆಂಗಸು ಬೈಯಲಿಲ್ಲ. "ನೋಡಮ್ಮ, ಕೆಲಸ ಚೆನ್ನಾಗಿ ಮಾಡ್ತೀಯ. ಆದ್ರೆ ಕೌಂಟರ್ ಮುಂದೆ ಜನ ನಿಂತಿರ್ತಾರೆ, ನೀನಿರಲ್ಲ. ಇನ್ನೊಂದ್ಸಲ ಹಿಂಗಾದ್ರೆ ಮುಂದಕ್ಕೆ ಬರೆದು ಕಳಿಸೋಕೆ ನನ್ನ ಕೈಲಾಗಲ್ಲ," ಎಂದಳಂತೆ. ವಿಶಾಖಾ ಇದನ್ನು ಅಮ್ಮನಿಗೆ ಮಾತ್ರ ಹೇಳಿದಳು. ಶಿವಕುಮಾರಿ ಗಂಡನಿಗೆ ಹೇಳಲಿಲ್ಲ, ಅತ್ತೆಗೆ ಹೇಳಿದಳು. ಅಂಜಮ್ಮ ಒಲೆಯ ಮುಂದೆ ಕೂತೇ ಇದ್ದರು. ಸಾರು ತಳ ಹಿಡಿಯಿತು.

ಆ ಶನಿವಾರ ಗಾಡಿ ಪೂರ್ತಿ ಕೈಕೊಟ್ಟಿತು. ವಿಶಾಖಾ ಒದ್ದಳು, ಬೈರಯ್ಯನವರು ನೋಯುವ ಮೊಣಕಾಲಲ್ಲೇ ಒದ್ದರು. ಪ್ಲಗ್ ಉಜ್ಜಿದರು, ಮತ್ತೆ ಒದ್ದರು. ಶಿವಕುಮಾರಿ ಫೋನಿನಲ್ಲಿ ಆಟೋ ಹುಡುಕಿದಳು. ಒಬ್ಬ ಬರುತ್ತೇನೆಂದು ಒಪ್ಪಿ ಕ್ಯಾನ್ಸಲ್ ಮಾಡಿದ, ಇನ್ನೊಬ್ಬ ಫೋನೇ ಎತ್ತಲಿಲ್ಲ. ವಿಶಾಖಾ ಗೇಟಿಗೆ ಒರಗಿ ಅಳಲು ಶುರು ಮಾಡಿದಳು.

ಮೂರ್ತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಕಾದಿದ್ದ ದಿನ ಬಂದಿತ್ತು. ಅವನು ಏನೂ ಮಾಡದೆ ನಿಂತಿದ್ದರೆ ಸಾಕಾಗಿತ್ತು, ಮಗಳ ಕೆಲಸ ತಾನಾಗಿಯೇ ಹೋಗುತ್ತಿತ್ತು. ಆದರೆ ಎದುರಿಗೆ ನಿಂತು ಅಳುವ ಮಗಳನ್ನು ನೋಡಿಕೊಂಡು ಯಾವ ಅಪ್ಪ ತಾನೇ ಸುಮ್ಮನಿರುತ್ತಾನೆ.

"ಹತ್ತು ಮೇಲೆ. ಸೆಕೆಂಡ್ ಗೇರಲ್ಲಿಡು. ನಾನು ಹೇಳಿದಾಗ ಕ್ಲಚ್ ಬಿಡು," ಎಂದು ಪಂಚೆ ಎತ್ತಿ ಕಟ್ಟಿದ.

ಏರು ರಸ್ತೆಯವರಿಗೆ ಒಂದು ಅನುಕೂಲವೆಂದರೆ ಮನೆಯ ಮುಂದೆಯೇ ಇಳಿಜಾರು. ಮೂರ್ತಿ ಹಿಂದಿನಿಂದ ತಳ್ಳುತ್ತಾ ಓಡಿದ, ಒಂದು ಚಪ್ಪಲಿ ಕಮಲಮ್ಮನ ಮನೆ ಮುಂದೆಯೇ ಉಳಿಯಿತು. "ಬಿಡು," ಎಂದು ಕೂಗಿದ. ಗಾಡಿ ಕೆಮ್ಮಿ, ಜಗ್ಗಿ, ಎದ್ದಿತು. ವಿಶಾಖಾ ತಿರುಗಿ ನೋಡದೆ ಹೋದಳು. ಅವನು ಒಂದು ಕಾಲಲ್ಲಿ ಚಪ್ಪಲಿಯಿಲ್ಲದೆ, ಎದೆ ಹಿಡಿದುಕೊಂಡು ಮೇಲೆ ಹತ್ತಿ ಬಂದ.

"ಇದೇ ಕೊನೆ," ಎಂದ, ಉಸಿರು ಸರಿಯಾದ ಮೇಲೆ. "ನಾಳೆ ಹೇಗೂ ಅವಳಿಗೆ ರಜ. ಸೋಮವಾರದಿಂದ ಹೋಗೋದು ಬೇಡ. ನಾನೇ ಫೋನ್ ಮಾಡಿ ಹೇಳ್ತೀನಿ."

ಬೈರಯ್ಯನವರು ಈ ಸಲ, ನನ್ನ ಗಾಡಿ ನಿಲ್ಲಲ್ಲ ಎನ್ನಲಿಲ್ಲ.

ಭಾನುವಾರ ಬೆಳಗ್ಗೆ ತಿಂಡಿ ಮುಗಿದ ಮೇಲೆ ಅವರು ಗೋಣಿಚೀಲ ಹಾಸಿ ಗಾಡಿಯ ಮುಂದೆ ಕೂತರು. ವಿಶಾಖಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ತಾತ ಬೈದಿದ್ದ ಸಿಟ್ಟು ಅವಳಿಗಿನ್ನೂ ಇತ್ತು, ಆದರೆ ನಾಳೆಯ ಚಿಂತೆ ಅದಕ್ಕಿಂತ ದೊಡ್ಡದಾಗಿತ್ತು.

"ಇಂಜಿನ್ನಿಗೆ ಮೂರು ಬೇಕು. ಪೆಟ್ರೋಲು, ಕಿಡಿ, ಗಾಳಿ," ಎಂದರು ಬೈರಯ್ಯನವರು. "ಪೆಟ್ರೋಲು ಬರ್ತಿದೆ. ಬೇಕಾದ್ದಕ್ಕಿಂತ ಜಾಸ್ತೀನೇ ಬರ್ತಿದೆ. ಕಿಡಿ ನೋಡಿದ್ವಿ, ಇದೆ."

"ಗಾಳಿ?"

"ಗಾಳಿಗೇನು. ಫಿಲ್ಟರ್ ಅಂಜನಪ್ಪ ತೊಳೆದಿದಾನೆ."

"ಫಿಲ್ಟರಿಗೆ ಗಾಳಿ ಎಲ್ಲಿಂದ ಬರುತ್ತೆ ತಾತ?"

ಬೈರಯ್ಯನವರು ಗಾಡಿಯ ಪಕ್ಕಕ್ಕೆ ಬಗ್ಗಿ ನೋಡಿದರು. ಊರಿನ ಅರ್ಧ ಪೈಪುಗಳಲ್ಲಿ ನೀರು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ ಮನುಷ್ಯ. ಸ್ವಂತ ಗಾಡಿಗೆ ಗಾಳಿ ಯಾವ ಕಡೆಯಿಂದ ಒಳಗೆ ಹೋಗುತ್ತದೆಂದು ಇಷ್ಟು ವರ್ಷದಲ್ಲಿ ಕೇಳಿಕೊಂಡಿರಲಿಲ್ಲ. ಪಕ್ಕದ ಮುಚ್ಚಳ ತೆಗೆದರು, ಸ್ಪಂಜು ತೆಗೆದರು, ಡಬ್ಬಿಯೊಳಗೆ ಟಾರ್ಚ್ ಬಿಟ್ಟರು. ಡಬ್ಬಿಯ ಕೊಳವೆ ಮೇಲಕ್ಕೆ, ಸೀಟಿನ ಕೆಳಗೆ ಹೋಗಿತ್ತು.

"ಸೀಟ್ ತೆಗೆಯೋಣ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಂಜಮ್ಮ, "ಬಿಸಿಲೇರ್ತಿದೆ, ಒಳಗೆ ಬನ್ನಿ. ಸೀಟಲ್ಲೇನಿರುತ್ತೆ?" ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಕೀ ತಿರುಗಿಸಿ ಸೀಟು ಎತ್ತಿದರು. ಕೆಳಗೆ ಕೊಳವೆಯ ಅಗಲ ಬಾಯಿ ಕಂಡಿತು. ವಿಶಾಖಾ ಅದರೊಳಗೆ ಎರಡು ಬೆರಳು ಹಾಕಿದಳು. ಮೆತ್ತಗೆ ಏನೋ ತಾಕಿತು. ಎಳೆದಳು. ಅರಿಶಿನದಲ್ಲಿ ಅದ್ದಿದ ಬಟ್ಟೆಯ ಗಂಟು, ಎಣ್ಣೆಯ ಮಸಿ ಹತ್ತಿ ಅರ್ಧ ಕಪ್ಪಾಗಿತ್ತು, ಒಳಗೆ ಗಟ್ಟಿಯಾಗಿ ನಾಣ್ಯ ಸಿಗುತ್ತಿತ್ತು. ಮುಡುಪು. ದೇವರಿಗೆ ಹರಕೆ ಹೊತ್ತು ನಾಣ್ಯ ಕಟ್ಟಿ, ಹರಕೆ ತೀರುವವರೆಗೆ ಬಿಚ್ಚದೆ ಇಟ್ಟುಕೊಳ್ಳುವ ಗಂಟು. ವಿಶಾಖಾ ಅದನ್ನು ಕಂಡ ತಕ್ಷಣ ಮುಷ್ಟಿ ಮುಚ್ಚಿದಳು, ಆದರೆ ಬೈರಯ್ಯನವರು ನೋಡಿಯಾಗಿತ್ತು.

"ಕೊಡಿಲ್ಲಿ," ಎಂದರು.

ಗಂಟನ್ನು ಕೈಯಲ್ಲಿಟ್ಟುಕೊಂಡೇ ಸ್ಪಂಜು ಹಾಕಿದರು, ಸೀಟು ಮುಚ್ಚಿದರು, ಪ್ಲಗ್ ಉಜ್ಜಿ ತಿರುಗಿಸಿದರು. ವಿಶಾಖಾ ಕಿಕ್ ಹೊಡೆದಳು. ಮೊದಲನೆಯದಕ್ಕೇ ಎದ್ದಿತು. ಹೊಗೆ ಇಲ್ಲ, ಕೆಮ್ಮಿಲ್ಲ. ಇಷ್ಟು ದಿನ ಕಾದಿದ್ದ ಆ ಶಬ್ದಕ್ಕೆ ಯಾರೂ ಸಂತೋಷಪಡಲಿಲ್ಲ.

ಊಟಕ್ಕೆ ಕೂತಾಗ ಬೈರಯ್ಯನವರು ಗಂಟನ್ನು ತಟ್ಟೆಯ ಪಕ್ಕ ಇಟ್ಟರು. ಹಿಸುಕಿದ ಬೇಳೆಯ ಸಾರು, ಮುದ್ದೆ ಬಡಿಸಿತ್ತು. ಅವರು ಮುಟ್ಟಲಿಲ್ಲ.

"ಯಾರದಿದು?"

ಶಿವಕುಮಾರಿ ಅತ್ತೆಯ ಮುಖ ನೋಡಿದಳು. ಅತ್ತೆಯೂ ಸೊಸೆಯೂ ವರ್ಷದಲ್ಲಿ ಮುನ್ನೂರು ದಿನ ಉಪ್ಪು ಹುಳಿ ಅಂತ ಕಿತ್ತಾಡಿದವರೇ. "ನಂದೇ ಮಾವ," ಎಂದಳು.

"ನೀ ಸುಮ್ನಿರು ಕುಮಾರಿ," ಎಂದರು ಅಂಜಮ್ಮ. "ನಂದು. ರಾಗಿ ತರೋಕೆ ಹೋದ ದಿನ ಅಮ್ಮನವರ ಗುಡಿಗೆ ಹೋಗಿ ಕಟ್ಟಿಸ್ಕೊಂಡು ಬಂದೆ."

"ಒಂದು ತಿಂಗಳು," ಎಂದರು ಬೈರಯ್ಯನವರು. "ಒಂದು ತಿಂಗಳು ಪ್ಲಗ್ ಉಜ್ಜಿದೀನಿ. ಚೋಕ್ ಎಳೆದೆ ಅಂತ ಈ ಹುಡುಗೀನ ಅಳಿಸಿದೀನಿ. ಅಂಜನಪ್ಪನ್ನ ಕಳ್ಳ ಅಂದೆ. ಅವನ ಹತ್ರ ಇದ್ದಾಗ ಯಾಕೆ ಸರಿಯಿತ್ತು?"

"ತೆಗೆದಿಟ್ಕೊಂಡಿದ್ದೆ. ಮುಡುಪನ್ನ ಬೇರೆಯವರು ಮುಟ್ಟಬಾರದು. ವಾಪಸ್ ಬಂದ ಮೇಲೆ ಇಟ್ಟೆ."

"ಗಾಳಿ ಹೋಗೋ ಬಾಯಿಗೇ ತುರುಕಿದೀಯಲ್ಲ."

"ತೂತಿತ್ತು, ಹಿಡೀತು, ಇಟ್ಟೆ. ಅದು ಗಾಡಿ ಉಸಿರಾಡೋ ಜಾಗ ಅಂತ ನಂಗೆ ಯಾರು ಹೇಳಿದ್ರು? ಮನೇಲಿ ಇಡೋಣ ಅಂದ್ರೆ ಎಲ್ಲಿಡ್ಲಿ? ನೀವು ಬಿಸಾಕ್ತೀರ."

ಮೂರ್ತಿಗೆ ನಗು ಬಂದುಬಿಟ್ಟಿತು. ಮುದ್ದೆ ಗಂಟಲಿಗೆ ಸಿಕ್ಕಿ ನೀರು ಕುಡಿದ. "ಅಮ್ಮ, ನೀನು ಗಾಡಿಗೇ ದೃಷ್ಟಿ ತೆಗೆದೆ." ಆಮೇಲೆ ಬಾಯಿ ಒರೆಸಿಕೊಂಡು, "ಹೋಗ್ಲಿ, ಕಾರಣ ಸಿಕ್ತು. ಆದ್ರೂ ನನ್ನ ಮಾತು ಮಾತೇ," ಎಂದ.

ವಿಶಾಖಾ ತಟ್ಟೆಯಿಂದ ತಲೆಯೆತ್ತಿದಳು. "ಅಪ್ಪ, ಗಾಡಿ ಸರಿಹೋಯ್ತಲ್ಲ."

"ಗಾಡಿ ರಿಪೇರಿ ಆದ್ರೆ ಕತ್ತಲು ರಿಪೇರಿ ಆಗುತ್ತಾ? ನಮ್ಮನೆ ಹೆಣ್ಣುಮಗಳು ಆ ಹೊತ್ತಲ್ಲಿ ರಸ್ತೆಗಿಳಿಯೋದು ಬೇಡ. ಅಷ್ಟೇ."

ಇಷ್ಟು ದಿನ ಗಾಡಿಯ ಹೆಸರಲ್ಲಿ ನಡೆದ ಜಗಳದ ಒಳಗೆ ಇದ್ದದ್ದು ಇದು ಎಂದು ಆಗ ಎಲ್ಲರಿಗೂ ಗೊತ್ತಾಯಿತು. ಬೈರಯ್ಯನವರು ಮಗನ ಕಡೆ ತಿರುಗಲಿಲ್ಲ. ಅವರ ಸಿಟ್ಟೆಲ್ಲ ಆ ಗಂಟಿನ ಮೇಲಿತ್ತು.

"ಏನಂತ ಬೇಡ್ಕೊಂಡೆ?" ಎಂದು ಹೆಂಡತಿಯನ್ನು ಕೇಳಿದರು.

"ಇವನು ಅವಳ ಕೆಲಸ ಬಿಡಿಸದೆ ಇರ್ಲಿ ಅಂತ."

"ಅಷ್ಟಕ್ಕೆ ಗುಡಿಗೆ ಹೋಗ್ಬೇಕಿತ್ತಾ? ಮೂವತ್ತೈದು ವರ್ಷ ಬಡ್ಕೊಂಡಿದ್ದೆಲ್ಲ ನೀರಲ್ಲಿ ಹೋಮ. ನಾನು ಮನೇಲಿ ಕೂತಿಲ್ವಾ? ನನ್ನ ಮಾತು ಇವನು ಮೀರ್ತಿದ್ನಾ? ನನ್ನ ಕೇಳ್ಬಾರದಾಗಿತ್ತಾ?"

ಅಂಜಮ್ಮ ಸೌಟನ್ನು ಪಾತ್ರೆಯಲ್ಲಿಟ್ಟರು.

"ನಿಮ್ಮನ್ನ ಒಂದ್ಸಲ ಕೇಳಿದ್ದೆ," ಎಂದರು.

ಮೂರ್ತಿಗೆ ನೆನಪಿತ್ತು, ಅವನು ಆಗ ಹೈಸ್ಕೂಲು. ವಿಶಾಖಾಳಿಗೆ ಗೊತ್ತಿರಲಿಲ್ಲ. "ಏನ್ ಕೇಳಿದ್ದೆ ಅಜ್ಜಿ?" ಎಂದಳು.

"ಹೆರಿಗೆ ಆಸ್ಪತ್ರೇಲಿ ಆಯಾ ಕೆಲ್ಸಕ್ಕೆ ತಗೊಂಡಿದ್ರು ನನ್ನ, ಚಾಮರಾಜಪೇಟೆ ಕಡೆ. ಕೆಲಸ ಬರ್ತಿತ್ತು ನಂಗೆ. ಡಾಕ್ಟರಮ್ಮ ಬೇರೆ ಆಯಾಗಳನ್ನ ಬಿಟ್ಟು ನನ್ನನ್ನೇ ಕರೀತಿದ್ರು. ಆಮೇಲೆ ರಾತ್ರಿ ಪಾಳಿ ಹಾಕಿದ್ರು. ನಿಮ್ಮ ತಾತ, ನಮ್ಮನೆ ಹೆಣ್ಣುಮಗಳು ಆ ಹೊತ್ತಲ್ಲಿ ರಸ್ತೆಗಿಳಿಯೋದು ಬೇಡ ಅಂದ್ರು." ಮೂರ್ತಿಯ ಕಡೆ ಕೈ ತೋರಿಸಿದರು. "ಇವನು ಈಗಂದನಲ್ಲ, ಅದೇ ಮಾತು. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಆಗ ಈ ಗಾಡಿ ಹೊಸದು. ನೀವೇ ಗಾಡೀಲಿ ಬಿಟ್ಟು ಬನ್ನಿ ಅಂತ ಕೇಳಿದೆ. ಪೂರ್ತಿ ಕೇಳಿಸ್ಕೊಳ್ಲೂ ಇಲ್ಲ, ಎದ್ದು ಹೋದ್ರು. ಬಿಟ್ಟೆ ಕೆಲಸ. ಅದಕ್ಕೇ ಈ ಸಲ ಇವರನ್ನ ಕೇಳ್ಲಿಲ್ಲ. ಆ ಅಮ್ಮನವರನ್ನ ಕೇಳಿದೆ."

ಹೇಳುವಾಗ ದನಿ ಏರಲಿಲ್ಲ, ಅಳಲಿಲ್ಲ. ಹೇಳಿ ಮುಗಿಸಿ, "ಸಾರು ಆರೋಯ್ತು," ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಬೈರಯ್ಯನವರಿಗೆ ನಾಚಿಕೆಯಾಯಿತು. ಸಭೆಗಳಲ್ಲಿ ನಿಂತು ಹೆಣ್ಣುಮಕ್ಕಳು ಓದಬೇಕು, ದುಡಿಯಬೇಕು ಎಂದು ಭಾಷಣ ಮಾಡಿದ ಮನುಷ್ಯ, ಆ ಒಂದು ದಿನವನ್ನು ಪೂರ್ತಿ ಮರೆತೇಬಿಟ್ಟಿದ್ದರು. ಮರೆತದ್ದಕ್ಕೇ ಹೆಚ್ಚು ನಾಚಿಕೆ. ತಣ್ಣಗಾದ ಮುದ್ದೆಯನ್ನು ಹೇಗೋ ನುಂಗಿ ಕೈ ತೊಳೆದರು.

ಸಂಜೆ ಅಂಜನಪ್ಪನ ಗ್ಯಾರೇಜಿಗೆ ಹೋಗಿ ಬಂದರು. ಅಲ್ಲಿ ಏನೆಂದರೋ ಮನೆಯವರಿಗೆ ಹೇಳಲಿಲ್ಲ. ಬಂದವರು ಟಿವಿ ನೋಡುತ್ತಿದ್ದ ಮಗನ ಎದುರಿಗೆ ಕೂತು, ಸೌಂಡ್ ಕಡಿಮೆ ಮಾಡಿಸಿದರು.

"ನಾಳೆ ಅವಳು ಕೆಲಸಕ್ಕೆ ಹೋಗ್ತಾಳೆ."

"ಅಪ್ಪ, ನಾನು ಆಗಲೇ..."

"ನಾನು ಅಂದ ಮಾತನ್ನೇ ನೀನೂ ಅಂದೆ. ನನ್ನಿಂದ ಕಲಿತೆಯೇನೋ. ಆ ಮಾತು ತಪ್ಪು. ನಾನು ತಪ್ಪು ಮಾಡ್ದೆ, ನೀನು ಮಾಡ್ಬೇಡ."

ಮೂರ್ತಿ ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ. ಜಗಳಕ್ಕೆ ಸಿದ್ಧವಾಗಿದ್ದವನು ಟಿವಿ ಆರಿಸಿದ. "ನಂಗೆ ಭಯ ಆಗುತ್ತಪ್ಪ," ಎಂದ. "ಅವಳು ಫೋನ್ ಮಾಡಿ ತಲುಪಿದೆ ಅನ್ನೋವರೆಗೂ ನಾನು ಮಲ್ಗಲ್ಲ."

"ಭಯ ನಿಂದು. ಅದಕ್ಕೆ ಅವಳು ಯಾಕೆ ಮನೇಲಿ ಕೂರ್ಬೇಕು? ಅಷ್ಟು ಭಯ ಇದ್ರೆ ನೀನೇ ಹಿಂದೆ ಕೂತ್ಕೊಂಡು ಹೋಗು. ಮೊದಲ ರೈಲಲ್ಲಿ ವಾಪಸ್ ಬಾ."

ವ್ಯಂಗ್ಯಕ್ಕೆ ಅಂದದ್ದು. ಆದರೆ ಸೋಮವಾರ ಬೆಳಗ್ಗೆ ಮೂರ್ತಿ ನಿಜವಾಗಿಯೂ ಪ್ಯಾಂಟು ಹಾಕಿಕೊಂಡು, ತಲೆಗೆ ಅಪ್ಪನ ಹೊಸ ಹೆಲ್ಮೆಟ್ ಇಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದ. ವಿಶಾಖಾ ನಗು ತಡೆದುಕೊಂಡು ಒಂದೇ ಕಿಕ್ಕಿಗೆ ಗಾಡಿ ಎಬ್ಬಿಸಿದಳು.

"ನಾನು ಓಡಿಸ್ತೀನಿ, ನೀನು ಹಿಂದೆ ಕೂತ್ಕೋ," ಎಂದು ಮೂರ್ತಿ ಮೆಲ್ಲಗೆ ಅಂದು ನೋಡಿದ.

"ಅವಳೇ ಓಡಿಸ್ಲಿ," ಎಂದರು ಬೈರಯ್ಯನವರು ಬಾಗಿಲಿನಿಂದ.

ಮೂರ್ತಿ ಮಗಳ ಹಿಂದೆ ಕೂತ. ಎಲ್ಲಿ ಹಿಡಿದುಕೊಳ್ಳಬೇಕೆಂದು ತಿಳಿಯದೆ ಸೀಟಿನ ಹಿಂದಿನ ಕಂಬಿ ಹಿಡಿದ. ಗಾಡಿ ಇಳಿಜಾರಿನಲ್ಲಿ ಇಳಿದು ತಿರುವಿನಲ್ಲಿ ಮರೆಯಾಯಿತು. ಕಮಲಮ್ಮನ ಕಿಟಕಿ ತೆರೆದು ಮುಚ್ಚಿತು.

ಶಿವಕುಮಾರಿ ಇನ್ನೊಂದು ನಿದ್ದೆಗೆ ಒಳಗೆ ಹೋದಳು. ಅಂಜಮ್ಮ ಹೊಸ ಶಾಲು ಹೊದ್ದು ಕಟ್ಟೆಯ ಮೇಲೆ ಕಾಫಿ ಲೋಟ ಹಿಡಿದು ಕೂತರು. ಬೈರಯ್ಯನವರಿಗೂ ಒಂದು ಲೋಟ ತಂದಿದ್ದರು, ಕೊಟ್ಟರು. ಅವರು ಪಕ್ಕದಲ್ಲಿ ಕೂತು ಎರಡು ಗುಟುಕು ಕುಡಿದರು. ಆಚೆ ಬೀದಿಯಲ್ಲಿ ಹಾಲಿನ ವ್ಯಾನು ಹೋಯಿತು.

"ಆವತ್ತು ನಾನು ನಿನ್ನ ಬಿಟ್ಟು ಬರಬಹುದಾಗಿತ್ತು," ಎಂದರು ಬೈರಯ್ಯನವರು. ಲೋಟ ಕೆಳಗಿಟ್ಟು, "ಎಷ್ಟು ಮಹಾ ದೂರ. ಒಂದು ಐದಾರು ಕಿಲೋಮೀಟರ್ ಇತ್ತೇನೋ," ಎಂದರು.

"ಎರಡು," ಎಂದರು ಅಂಜಮ್ಮ. "ನಡ್ಕೊಂಡು ಹೋಗ್ತಿದ್ದೋಳು ನಾನಲ್ವಾ."